ಮೂಸ್ ಕೊಂಬಿಗೆ ಒಗ್ಗಿದ ಹಲಗೆ

ಕೆನಡಾದಿಂದ ಸ್ಕ್ಯಾಂಡಿನೇವಿಯ, ರಷ್ಯಾಗಳವರೆಗೆ ಹಬ್ಬಿರುವ ಟೈಗಾ ಎಂಬ ಶೀತವಲಯದ ಅರಣ್ಯದ ಸ್ಪ್ರೂಸ್ ಮರಗಳನ್ನೂ ತೋಳ, ಕರಡಿ, ಮೂಸ್ ಎಂಬ ದೊಡ್ಡ ಜಿಂಕೆಗಳನ್ನೂ ತೆಳುಹಲಗೆಯಲ್ಲಿ ಕತ್ತರಿಸಿ ತೆಗೆದು, ಬರಿಯ ಹೊರರೇಖೆಯಿಂದಲೇ ಗುರುತು ಸಿಗುವಂತೆ ಮಾಡುವ ಕಲೆ ನೋಡಲು ಸರಳವಾದರೂ, ಅದು ರೂಪುಗೊಳ್ಳಲು ತೆಳು ಅಲಗಿನ ಗರಗಸ ಮತ್ತು ಬರ್ಚ್ ಮರದ ಪ್ಲೈವುಡ್ ಎರಡೂ ಬೇಕಾದವು.

ಗರಗಸದ ಚರಿತ್ರೆ ಹೆಚ್ಚು ಹಳೆಯದು. ಚೌಕಟ್ಟಿಗೆ ಬಿಗಿದ ಸಪೂರ ಉಕ್ಕಿನ ಅಲಗಿರುವ ಫ್ರೆಟ್ ಸಾ ಎಂಬ ಈ ಉಪಕರಣದಿಂದ, ಫ್ರಾನ್ಸಿನ ಅರಮನೆಗೆ ಪೀಠೋಪಕರಣ ಮಾಡುತ್ತಿದ್ದ ಆಂದ್ರೆ ಶಾರ್ಲ್ ಬೂಲ್ (1642–1732) ಆಮೆಚಿಪ್ಪು, ಹಿತ್ತಾಳೆಗಳ ಹಾಳೆಗಳನ್ನು ಒಟ್ಟಿಗೇ ಕೊಯ್ದು ಒಂದರ ತುಂಡನ್ನು ಇನ್ನೊಂದರ ತೆರಪಿನಲ್ಲಿ ಕೂರಿಸುತ್ತಿದ್ದನು. ಅರಮನೆಯ ಆ ಕುಸುರಿ, ಕಾಲಿನಿಂದ ತುಳಿದು ನಡೆಸುವ ಗರಗಸಗಳು 1870ರ ದಶಕದಲ್ಲಿ ಅಮೆರಿಕದ ಮನೆಗಳನ್ನು ಹೊಕ್ಕಾಗ ಸಾಮಾನ್ಯರ ಹವ್ಯಾಸವಾಯಿತು.

ಆದರೆ ಅಲಗು ಎಷ್ಟು ಸೂಕ್ಷ್ಮವಾದರೂ ಮರದ ಸ್ವಭಾವ ಅಡ್ಡಬರುತ್ತಿತ್ತು. ಇಡೀ ಮರದ ಹಲಗೆಯಲ್ಲಿ ಎಳೆಗಳು ಒಂದೇ ದಿಕ್ಕಿಗೆ ಸಾಗುವುದರಿಂದ ಎಳೆಗುಂಟ ಕೊಯ್ದ ಭಾಗ ಗಟ್ಟಿಯಾಗಿ ಉಳಿದರೆ, ಎಳೆಗೆ ಅಡ್ಡಲಾಗಿ ಕೊಯ್ದ ಸಪೂರ ಭಾಗ ಬೆರಳು ತಾಗಿದರೂ ಮುರಿಯುತ್ತದೆ. ಗಂಡು ಮೂಸ್‌ನ ಕೊಂಬು ಅಗಲವಾಗಿ ಹರಡಿ, ಅಂಚಿನಲ್ಲಿ ಎಲ್ಲ ದಿಕ್ಕಿಗೂ ಚೂಪು ಕವಲುಗಳನ್ನು ಚಾಚುವುದರಿಂದ, ಹಲಗೆಯನ್ನು ಹೇಗೆ ತಿರುಗಿಸಿ ಹಿಡಿದರೂ ಕೆಲವು ಕವಲುಗಳು ಎಳೆಗೆ ಅಡ್ಡವಾಗಿಯೇ ಬೀಳುತ್ತವೆ. ಮರದ ತೆಳು ಹಾಳೆಗಳನ್ನು ಒಂದರ ಎಳೆ ಇನ್ನೊಂದಕ್ಕೆ ಅಡ್ಡವಾಗುವಂತೆ ಅಂಟಿಸಿದ ಪ್ಲೈವುಡ್ ಈ ತೊಡಕನ್ನು ಬಹುಮಟ್ಟಿಗೆ ನೀಗಿಸಿತು. ಅದರಲ್ಲಿಯೂ ಬರ್ಚ್‌ನ ಎಳೆ ನಯವಾಗಿರುವುದರಿಂದ ಅಂಚು ಸಿಬಿರೇಳುವುದು ಕಡಿಮೆ. ಎಸ್ಟೋನಿಯದ ಟಾಲಿನ್‌ನ ಲೂಥರ್ ಕಾರ್ಖಾನೆ 1880ರ ದಶಕದಲ್ಲಿಯೇ ಕುರ್ಚಿಯ ಆಸನಗಳಿಗಾಗಿ ಇಂತಹ ಹಲಗೆಯನ್ನು ತಯಾರಿಸಿತು. ಫಿನ್ಲೆಂಡಿನ ಯುವಾಸ್ಕುಲದಲ್ಲಿ 1912ರಲ್ಲಿ ಪ್ಲೈವುಡ್ ಗಿರಣಿ ಆರಂಭವಾಯಿತು. ಉತ್ತರದ ಕಾಡಿನ ಚಿತ್ರಕ್ಕೆ ಅದೇ ಕಾಡಿನ ಮರ ಒದಗಿದ್ದು ಈ ಕಲೆಯ ಭಾಗ್ಯವೆನ್ನಬೇಕು.

ಚಿತ್ರದ ಒಳಗಿನ ತೆರಪುಗಳಿಗೆ ಮೊದಲು ಬೈರಿಗೆಯಿಂದ ಸಣ್ಣ ರಂಧ್ರ ಕೊರೆದು, ಅಲಗಿನ ಒಂದು ತುದಿಯನ್ನು ಕಳಚಿ ಅದರೊಳಗೆ ತೂರಿಸಿ, ಮತ್ತೆ ಬಿಗಿದು ಕೊಯ್ಯಬೇಕಾಗುತ್ತದೆ. ಇಲ್ಲಿ ಕಲಾವಿದನ ನಿಜವಾದ ವಿವೇಚನೆ ಕಾಣುವುದು ಯಾವುದನ್ನು ಯಾವುದಕ್ಕೆ ತಾಗಿಸಿ ಉಳಿಸಬೇಕೆಂಬ ನಿರ್ಧಾರದಲ್ಲಿ, ಏಕೆಂದರೆ ಒಂದೇ ಹಲಗೆಯ ಚಿತ್ರದಲ್ಲಿ ಆಕಾಶದ ಹಕ್ಕಿ ಸ್ವತಂತ್ರವಾಗಿ ನಿಲ್ಲಲಾರದು. ಅದರ ರೆಕ್ಕೆಯ ತುದಿ ಸ್ಪ್ರೂಸ್‌ನ ಕೊನೆಯನ್ನೋ ಚೌಕಟ್ಟನ್ನೋ ಮುಟ್ಟಲೇಬೇಕು. ಇಂದು ಲೇಸರ್ ಯಂತ್ರ ಇದೇ ಕೆಲಸವನ್ನು ಶೀಘ್ರವಾಗಿ ಮಾಡಿ ಅಂಚನ್ನು ಸುಟ್ಟ ಕಂದಾಗಿಸುತ್ತದೆ. ಈ ನಿಯಮ ಮಾತ್ರ ಅದಕ್ಕೂ ತಪ್ಪಿಲ್ಲ.