ಎಬ್ಬಿಸುವ ಋಣ

ದೂರಪ್ರಯಾಣದ ರೈಲಿನಲ್ಲಿ ಮಲಗಿ ಹೋಗುವ ಸುಖವನ್ನು ಕುರಿತು ಬರೆಯಲು ಚಿತ್ರದುರ್ಗ ಜಿಲ್ಲೆಯವರಿಗೆ ಅಧಿಕಾರವಿದೆಯೇ ಎಂಬ ಸಂದೇಹ ನನಗೆ ಮೊದಲಿನಿಂದಲೂ ಉಂಟು. ಬೆಂಗಳೂರಿನಲ್ಲಿ ರಾತ್ರಿ ಗಾಡಿ ಹತ್ತಿದ ಹುಬ್ಬಳ್ಳಿಯವರು, ಬೆಳಗಾವಿಯವರು ಬೆಳಗಾಗುವವರೆಗೆ ನಿಶ್ಚಿಂತೆಯಿಂದ ಮಲಗಬಹುದು. ನಮ್ಮ ಪಾಡು ಬೇರೆ. ಹೊಸದುರ್ಗದವರು ಹೊಸದುರ್ಗ ರೋಡಿನಲ್ಲಿಯೂ, ಹೊಳಲ್ಕೆರೆ ಚಿತ್ರದುರ್ಗಗಳವರು ಚಿಕ್ಕಜಾಜೂರಿನಲ್ಲಿಯೂ, ನಿದ್ದೆ ಆಗತಾನೇ ಗಾಢವಾಗುತ್ತಿರುವಾಗ ಎದ್ದು ಇಳಿಯಬೇಕು. ಹಿರಿಯೂರಿನವರಿಗಂತೂ ಆ ಅರ್ಧ ನಿದ್ದೆಯೂ ಇಲ್ಲ. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೋಗುವ ನೇರ ಮಾರ್ಗ ಮುಗಿಯುವವರೆಗೆ ಅವರಿಗೆ ಬಸ್ಸೇ ಗತಿ.

ಆದರೂ ಆ ಅರ್ಧ ರಾತ್ರಿಯಲ್ಲಿಯೇ ಒಂದು ಸಂಸಾರ ಕಟ್ಟಿಕೊಳ್ಳುತ್ತದೆ. ಗಾಡಿ ಹೊರಟೊಡನೆ ಬುತ್ತಿಯ ಗಂಟು ಬಿಚ್ಚುತ್ತದೆ. ಒಬ್ಬರ ಶೇಂಗಾ ಚಟ್ನಿಪುಡಿ ಇನ್ನೊಬ್ಬರ ಮೊಸರನ್ನಕ್ಕೆ ಸೇರುತ್ತದೆ. ಬಳಿಕ ಮಧ್ಯದ ಹಾಸುಗೆಯ ಪ್ರಶ್ನೆ. ಅದನ್ನೆತ್ತಿ ಸರಪಳಿಗೆ ಸಿಕ್ಕಿಸಿದ ಮೇಲೆ ಕೆಳಗಿರುವವರು ತಲೆಯೆತ್ತಿ ಕೂಡುವಂತಿಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಎಂದು ರೈಲ್ವೆಯ ನಿಯಮವೇನೋ ಇದೆ. ಆದರೆ ತಂಟೆಯನ್ನು ತೀರಿಸುವುದು ನಿಯಮವಲ್ಲ, ದಾಕ್ಷಿಣ್ಯ. 1974ರಲ್ಲಿ ಮೂರನೆಯ ದರ್ಜೆ ಹೋಯಿತು. ಮಧು ದಂಡವತೆಯವರು ರೈಲ್ವೆ ಮಂತ್ರಿಗಳಾಗಿದ್ದಾಗ ಎರಡನೆಯ ದರ್ಜೆಯ ಬರಿಯ ಹಲಗೆಗಳ ಮೇಲೆ ಮೆತ್ತೆ ಬಂದಿತು. 1990ರ ದಶಕದಲ್ಲಿ ನಮ್ಮ ಮೀಟರ್ ಗೇಜ್ ಹಳಿಯೂ ಅಗಲವಾಯಿತು. ಅಪರಿಚಿತರ ನಡುವೆ ಕಣ್ಣು ಮುಚ್ಚಿ ಮಲಗುವ ನಂಬಿಕೆ ಮಾತ್ರ ಅಂದಿನಂತೆಯೇ ಉಳಿದಿದೆ.

ಆ ನಂಬಿಕೆಯ ಬೆಲೆ ನನಗೆ ತಿಳಿದುದು ಕೆಲವು ವರ್ಷಗಳ ಹಿಂದೆ. ಹೊಳಲ್ಕೆರೆಯಲ್ಲಿ ತಾಯಿಯವರಿಗೆ ಕಾಯಿಲೆ ಉಲ್ಬಣಿಸಿದೆಯೆಂದು ಸುದ್ದಿ ಬಂದಿತು. ಪರೀಕ್ಷೆಯ ಉತ್ತರಪತ್ರಿಕೆಗಳ ಕೆಲಸದಿಂದ ಎರಡು ರಾತ್ರಿ ನಿದ್ದೆಗೆಟ್ಟಿದ್ದ ನಾನು ಹಾಗೆಯೇ ಬಂದು ಗಾಡಿ ಹತ್ತಿದೆ. ಮೊಬೈಲಿನ ಅಲಾರಂ ಇದ್ದಿತು, ನಿಜ. ಆದರೆ ಗಾಡಿ ತಡವಾದುದಾಗಲಿ, ಮಲಗಿದವನಿಗೆ ಮೈಮೇಲೆ ಎಚ್ಚರವಿಲ್ಲವೆಂಬುದಾಗಲಿ ಅಲಾರಮ್ಮಿಗೆ ತಿಳಿಯುತ್ತದೆಯೆ? ತೂಕಡಿಸುತ್ತ, ಬೆಚ್ಚಿ ಬೆಚ್ಚಿ ಎದ್ದು ಕೂಡುತ್ತಿದ್ದ ನನ್ನನ್ನು ಎದುರಿನ ಹಾಸುಗೆಯ ಮುದುಕಿಯೊಬ್ಬರು ನೋಡಿ ಕಾರಣ ಕೇಳಿದರು. ಹೇಳಿದೆ.

“ನೀ ಮಲಕೋ ತಮ್ಮಾ. ನಾ ಹುಬ್ಬಳ್ಳಿ ತನಕಾ ಹೋಗಾಕಿ. ಚಿಕ್ಕಜಾಜೂರ ಬಂದ್ರ ಎಬ್ಬಸ್ತೀನಿ. ನನಗೇನ್ ನಿದ್ದಿ ಬರೂದಿಲ್ಲ” ಎಂದರು.

ಮಲಗಿದೆ. ಮುಂದಿನದು ನನಗೆ ನೆನಪಿಲ್ಲ. ಭುಜದ ಮೇಲೆ ಒಂದು ಒರಟು ಕೈ. “ಏಳಪಾ, ನಿಮ್ಮೂರ ಬಂತು” ಎಂಬ ಮಾತು. ಚೀಲವನ್ನು ಬಾಗಿಲವರೆಗೆ ತಂದುಕೊಟ್ಟ ಮೇಲಿನ ಹಾಸುಗೆಯ ಹುಡುಗ ಇಳಿಯುವ ಗಡಿಬಿಡಿಯಲ್ಲಿ ಹೇಳಿದನು: “ಸಾರ್, ಅಜ್ಜಿಗೆ ಓದೋಕೆ ಬರೋಲ್ಲ. ಗಾಡಿ ನಿಂತಾಗಲೆಲ್ಲ ಎದ್ದು ಹೋಗಿ, ಇದು ಯಾವ ಊರು ಅಂತ ಕೇಳ್ತಾನೇ ಇದ್ದರು.”

ನಾನು ತಿರುಗಿ ನೋಡುವಷ್ಟರಲ್ಲಿ ಗಾಡಿ ಹೊರಟಿತ್ತು. ಆಕೆಯ ಹೆಸರನ್ನು ಕೇಳಿರಲಿಲ್ಲ. ಒಂದು ಒಳ್ಳೆಯ ಮಾತನ್ನೂ ಆಡಿರಲಿಲ್ಲ.

ಹೊಳಲ್ಕೆರೆಯ ಮನೆಯನ್ನು ಸೇರಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ತಾಯಿಯವರಿಗೆ ಪ್ರಜ್ಞೆಯಿತ್ತು. ಕೈ ಹಿಡಿದುಕೊಂಡು, “ಗಾಡೀಲಿ ನಿದ್ದೆ ಬಂತೇನೋ?” ಎಂದು ಕೇಳಿದರು. ಬಂದಿತೆಂದೆ. ಆ ಮಧ್ಯಾಹ್ನದ ಮೇಲೆ ಅವರು ಮಾತನಾಡಲಿಲ್ಲ. ದಾವಣಗೆರೆಯಲ್ಲಿ ಎಚ್ಚರಗೊಂಡು ಹಿಂದಿರುಗಿ ಬಂದಿದ್ದರೆ ಆ ಬೆಳಗಿನ ಎಷ್ಟು ಹೊತ್ತು ನನಗೆ ಉಳಿಯುತ್ತಿತ್ತೋ!

ಕೆಲವು ಋಣಗಳನ್ನು ಕೊಟ್ಟವರಿಗೇ ತೀರಿಸಲು ಆಗುವುದಿಲ್ಲ. ಈಗ ಆ ಗಾಡಿಯಲ್ಲಿ ಹೊರಟಾಗಲೆಲ್ಲ ಯಾರು ಎಲ್ಲಿ ಇಳಿಯುವವರೆಂದು ಮೊದಲೇ ವಿಚಾರಿಸಿಕೊಳ್ಳುತ್ತೇನೆ. ಹೊಸದುರ್ಗ ರೋಡಿನವರು ಇದ್ದರೆ, “ನೀವು ಮಲಗಿ, ನಾನು ಎಬ್ಬಿಸುತ್ತೇನೆ” ಎನ್ನುತ್ತೇನೆ. ನನ್ನ ಊರು ಅದರ ಮುಂದೆಯೇ ಇರುವುದರಿಂದ ನಿದ್ದೆಗೆಡುವುದೇನೂ ಕಷ್ಟವಲ್ಲ.