ಮಳೆನೀರಲ್ಲಿ ನಡೆದಿದ್ದೀರಾ? ಇಲಿಜ್ವರದ ಬಗ್ಗೆ ತಿಳಿದಿರಲಿ



ಮುಂಬಯಿಯಲ್ಲಿ ಜೋರು ಮಳೆ ಬಂದರೆ ಹಿಂದ್‌ಮಾತಾ, ಸಾಯನ್, ಕುರ್ಲಾ ಕಡೆ ಮೊಣಕಾಲುದ್ದ ನೀರು ನಿಲ್ಲುವುದು ಹೊಸದಲ್ಲ. ಪ್ಯಾಂಟು ಮೇಲಕ್ಕೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತೇವೆ. ಮನೆಗೆ ಬಂದು ಕಾಲು ತೊಳೆದು ಬಿಸಿ ಚಹಾ ಕುಡಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಇಲಿಜ್ವರ ಶುರುವಾಗುವುದೇ ಆಮೇಲೆ.

*ಇಲಿಜ್ವರ ಎಂದರೇನು?*
ಇದರ ವೈದ್ಯಕೀಯ ಹೆಸರು ಲೆಪ್ಟೊಸ್ಪೈರೋಸಿಸ್. ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಇಲಿ, ನಾಯಿ, ದನಗಳ ಮೂತ್ರಪಿಂಡದಲ್ಲಿ ನೆಲೆಸಿ, ಮೂತ್ರದ ಮೂಲಕ ಹೊರಬರುತ್ತದೆ. ಗಟಾರ ಉಕ್ಕಿದಾಗ ಆ ಮೂತ್ರ ರಸ್ತೆಯ ನೀರಿಗೆ ಸೇರುತ್ತದೆ. ಕಾಲಿನ ಒಡಕು, ಚಪ್ಪಲಿ ಕಚ್ಚಿದ ಗಾಯ, ನೀರಲ್ಲಿ ನೆನೆದು ಮೆತ್ತಗಾದ ಚರ್ಮ, ಕಣ್ಣು, ಬಾಯಿ ಇವೆಲ್ಲ ಅದು ಒಳಹೋಗುವ ದಾರಿಗಳು. ನಮ್ಮೂರ ಕಡೆ ಗದ್ದೆ ಕೆಲಸದವರಿಗೆ ಬರುವುದೂ ಇದೇ ಜ್ವರ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದದ್ದು ಹಲವರಿಗೆ ನೆನಪಿರಬಹುದು. ನೀರು ಇಳಿದ ನಂತರದ ವಾರಗಳಲ್ಲಿ ನಗರದಲ್ಲಿ ಇಲಿಜ್ವರ ಏರಿತು.

*ಮೋಸ ಹೋಗುವುದು ಎಲ್ಲಿ?*
ರೋಗಾಣು ಒಳಹೊಕ್ಕ ದಿನವೇ ಜ್ವರ ಬರುವುದಿಲ್ಲ. ಸಾಮಾನ್ಯವಾಗಿ 5ರಿಂದ 14 ದಿನ ಹಿಡಿಯುತ್ತದೆ, ಕೆಲವರಿಗೆ ತಿಂಗಳೂ ಆಗಬಹುದು. ಅಷ್ಟರಲ್ಲಿ ನೀರಲ್ಲಿ ನಡೆದದ್ದೇ ನಮಗೆ ಮರೆತಿರುತ್ತದೆ. ನಾವು ಹೇಳದಿದ್ದರೆ ವೈದ್ಯರಿಗೂ ಗೊತ್ತಾಗುವುದಿಲ್ಲ. ಡೆಂಗ್ಯೂ, ಮಲೇರಿಯಾ ಓಡಾಡುವ ಕಾಲವೂ ಅದೇ ಆದ್ದರಿಂದ ಗೊಂದಲವಾಗುತ್ತದೆ.

*ಲಕ್ಷಣಗಳು*
👉 ಇದ್ದಕ್ಕಿದ್ದಂತೆ ಜೋರು ಜ್ವರ, ಚಳಿ, ತಲೆನೋವು
👉 ಮೀನಖಂಡ ಮತ್ತು ಸೊಂಟದಲ್ಲಿ ಮುಟ್ಟಲಾಗದಷ್ಟು ನೋವು
👉 ಪಿಚ್ಚು ಇಲ್ಲದೆಯೇ ಕಣ್ಣು ಕೆಂಪಾಗುವುದು
👉 ವಾಂತಿ, ಹೊಟ್ಟೆನೋವು

ಎಲ್ಲರಿಗೂ ಎಲ್ಲ ಲಕ್ಷಣಗಳೂ ಇರುವುದಿಲ್ಲ. ಕೆಲವರಿಗೆ ಜ್ವರ ಇಳಿದು, ಎರಡು ಮೂರು ದಿನ ಬಿಟ್ಟು ಮತ್ತೆ ಬರುತ್ತದೆ. ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ, ಕೆಮ್ಮಿದಾಗ ರಕ್ತ ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಯಕೃತ್ತು, ಮೂತ್ರಪಿಂಡ ಅಥವಾ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿರುವ ಸೂಚನೆ ಅದು. ಆಗ ಪ್ರಾಣಕ್ಕೇ ಅಪಾಯ.

*ಏನು ಮಾಡಬೇಕು?*
✅ ನಿಂತ ನೀರಲ್ಲಿ ನಡೆದಿದ್ದರೆ 24ರಿಂದ 72 ಗಂಟೆಯೊಳಗೆ ವೈದ್ಯರನ್ನು ಕಾಣಿ. ಮುಂಬಯಿ ಮಹಾನಗರಪಾಲಿಕೆ ಪ್ರತಿ ಮಳೆಗಾಲ ಹೇಳುವುದೂ ಇದನ್ನೇ. ಕಾಲಿನಲ್ಲಿ ಗಾಯ ಇದ್ದವರು ಖಂಡಿತ ಹೋಗಿ. ಅಗತ್ಯ ಕಂಡರೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಔಷಧ ಬೇರೆ. ಆದ್ದರಿಂದ ಅಂಗಡಿಯಿಂದ ನೀವೇ ತಂದು ನುಂಗಬೇಡಿ.
✅ ನೀರಲ್ಲಿ ನಡೆದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ಒಂದು ತಿಂಗಳೊಳಗೆ ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು: “ನಾನು ಮಳೆನೀರಲ್ಲಿ ನಡೆದಿದ್ದೆ.”
✅ ಮೊದಲ ವಾರ ರಕ್ತಪರೀಕ್ಷೆಯಲ್ಲಿ ಇಲಿಜ್ವರ ಕಾಣದೆ ಇರಬಹುದು. ವೈದ್ಯರು ಅನುಮಾನದ ಮೇಲೆ ಔಷಧ ಶುರು ಮಾಡಿದರೆ ಬೇಡ ಅನ್ನಬೇಡಿ.
✅ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ತಾವಾಗಿಯೇ ತಗೊಳ್ಳಬೇಡಿ. ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ.
✅ ಗಾಯವಿದ್ದರೆ ನೀರು ತಾಗದಂತೆ ಪಟ್ಟಿ ಕಟ್ಟಿ, ಗಂಬೂಟು ಹಾಕಿ. ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ತೊಳೆದು ಒರೆಸಿ.
✅ ಅಡುಗೆಮನೆಯ ಕಸ ರಾತ್ರಿ ತೆರೆದಿಡಬೇಡಿ. ಕಸ ಇದ್ದಲ್ಲಿ ಇಲಿ ಇರುತ್ತದೆ.

ಸಮಾಧಾನದ ಮಾತೆಂದರೆ, ಇದು ಸಾಮಾನ್ಯವಾಗಿ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರೋಗಿಯನ್ನು ದೂರ ಇಡಬೇಕಿಲ್ಲ. ಬೇಗ ಗೊತ್ತಾದರೆ ಕಡಿಮೆ ಬೆಲೆಯ ಆಂಟಿಬಯೋಟಿಕ್‌ನಿಂದಲೇ ಗುಣವಾಗುತ್ತದೆ.

ಪುಣೆ, ಚೆನ್ನೈ, ಹೈದರಾಬಾದಿನಲ್ಲಿ ಇರುವವರಿಗೂ ಇದು ಅನ್ವಯಿಸುತ್ತದೆ. ಹೋಟೆಲು, ಗೋದಾಮು, ಮಾರುಕಟ್ಟೆಯಲ್ಲಿ ದುಡಿಯುವ ನಮ್ಮ ಹುಡುಗರಿಗೆ ತಪ್ಪದೆ ಕಳಿಸಿ. ಜ್ವರ ಬಂದರೂ ರಜೆ ಹಾಕದೆ ಕೆಲಸ ಮಾಡುವವರು ಅವರೇ.

ಆರೋಗ್ಯವಾಗಿರಿ 🌿