ಟಾಪ್ ಹರಿಯೋದು ಮಡಿಕೆಯಲ್ಲೇ

ಕನ್ವರ್ಟಿಬಲ್ ಕಾರು ನಮ್ಮಲ್ಲಿ ಯಾರ ಹತ್ರಾನೂ ಇಲ್ಲ, ನಿಜ. ಆದರೆ ಅದರ ಸಾಫ್ಟ್ ಟಾಪ್ ಯಾಕೆ ಹರಿಯುತ್ತೆ ಅನ್ನೋದು ನಮ್ಮ ಸಿಲಬಸ್ಸಿನ ವಿಷಯವೇ.

1989ರಲ್ಲಿ ಬಂದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ತಗೊಳ್ಳೋಣ. ಅದರ ಟಾಪ್ ಸಾಮಾನ್ಯವಾಗಿ ವಿನೈಲ್. ಹಿಂದಿನ ಕಿಟಕಿ ಗಾಜಲ್ಲ, ಜಿಪ್ ಹಾಕಿದ ಪಾರದರ್ಶಕ ಪ್ಲಾಸ್ಟಿಕ್. ವಿನೈಲ್ ಅಂದ್ರೆ ಪಿವಿಸಿ. ಅದನ್ನು ಮೆತ್ತಗಿಡೋದು ಒಳಗೆ ಬೆರೆಸಿರುವ ಪ್ಲಾಸ್ಟಿಸೈಜರ್. ವರ್ಷಗಟ್ಟಲೆ ಬಿಸಿಲಿಗೆ ಅದು ಕಡಿಮೆಯಾಗ್ತಾ ಹೋಗಿ ಹಾಳೆ ಗಡುಸಾಗುತ್ತೆ. ಚಳಿಯಲ್ಲಿ ಇನ್ನೂ ಗಡುಸು. ಅಂಥ ಹಾಳೆಯನ್ನು ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಮಡಿಸಿದರೆ? ಮೆಟೀರಿಯಲ್ ಸೈನ್ಸಿನ ಫಟೀಗ್ ನೆನಪಿಸಿಕೊಳ್ಳಿ. ಮಡಿಕೆ ಬಿಗಿಯಾದಷ್ಟೂ ಹೊರಮೈ ಹೆಚ್ಚು ಹಿಗ್ಗಬೇಕು. ಬಿರುಕು ಹುಟ್ಟೋದು ಅಲ್ಲೇ.

ಹಾಗಾಗಿ ಟಾಪ್ ಇಳಿಸುವ ಮುಂಚೆ ಜಿಪ್ ಬಿಚ್ಚಿ ಕಿಟಕಿಯನ್ನು ಚಪ್ಪಟೆಯಾಗಿ ಮಲಗಿಸಬೇಕು. ತುಂಬಾ ಚಳಿಯಿದ್ದರೆ ಮಡಿಸಲೇಬಾರದು. ಒದ್ದೆ ಟಾಪ್ ಮಡಿಸಿಟ್ಟರೆ ಬೂಷ್ಟು ಹಿಡಿಯುತ್ತೆ, ಒಣಗಿದ ಮೇಲೇ ಮಡಿಸಿ. ಧೂಳನ್ನು ಒಣ ಬಟ್ಟೆಯಿಂದ ಉಜ್ಜಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಮೊದಲು ನೀರು ಹಾಯಿಸಿ, ಆಮೇಲೆ ಮೆತ್ತನೆ ಬ್ರಷ್. ಪ್ರೆಷರ್ ವಾಷರ್ ಹೊಲಿಗೆಯ ಹತ್ರ ಬೇಡ.

ಇನ್ನೊಂದು, ಯಾರೂ ನೋಡದ ಜಾಗ. ಟಾಪ್ ಮೇಲಿನ ನೀರು ಸೀಟುಗಳ ಹಿಂದಿರುವ ಡ್ರೈನ್‌ಗಳಿಂದ ಇಳಿದುಹೋಗುತ್ತೆ. ಅಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ನೀರು ನಿಂತು ಬಾಗಿಲ ಕೆಳಗಿನ ಸಿಲ್‌ಗೆ ತುಕ್ಕು ಹಿಡಿಯುತ್ತೆ. ಗಟ್ಟಿ ಛಾವಣಿ ಇಲ್ಲದ ಕಾರಿಗೆ ಬಲ ಬರೋದೇ ನೆಲ ಮತ್ತು ಸಿಲ್‌ನಿಂದ. ಹರಿದ ಟಾಪನ್ನು ಬದಲಾಯಿಸಬಹುದು. ತುಕ್ಕು ತಿಂದ ಸಿಲ್ ಅಷ್ಟು ಸುಲಭಕ್ಕೆ ಸರಿಹೋಗಲ್ಲ.